ಅಂಬೂನ ಪಾಲು

ಹೊಳೆಮಣ್ಣೂರಿನಿಂದ ಗುರುರಾಜನ ಸಂಸಾರ ರೋಣಕ್ಕೆ, ಅಣ್ಣ ಶ್ರೀನಿವಾಸನ ಮನೆಗೆ ಬಂದು ಇಪ್ಪತ್ತು ದಿನವಾಗಿರಬೇಕು. ಹಾಸಿಗೆಯನ್ನು ಬಿಸಿಲಿಗೆ ಹಾಕಲೆಂದು ಕೊಡವಿದ ಭೀಮಾಬಾಯಿಯ ಮುಂದೆ ಕೌದಿಯ ಮಡಿಕೆಯೊಳಗಿನಿಂದ ಜೋಳದ ಭಕ್ರಿಯ ಚೂರುಗಳು ಉದುರಿದವು. ಒಂದೆರಡಲ್ಲ, ಹನ್ನೊಂದು. ಕೆಲವಕ್ಕೆ ಬೂಷ್ಟು ಹಿಡಿದಿತ್ತು, ಕೆಲವಕ್ಕೆ ಇರುವೆ ಮುತ್ತಿದ್ದವು.

"ಅತ್ಯಾ, ಇಲ್ಲಿ ಬಂದು ನೋಡ್ರಿ. ರಾತ್ರಿ ಎಲ್ಲಾ ಇರುವಿ ಕಡೀತಾವ ಅಂತ ಕುಸುಮಾ ಅಳತಿದ್ದಳಲ್ಲ, ಯಾಕ ಅಂತ ಈಗ ತಿಳೀತು."

ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದ ವೆಂಕೂಬಾಯಿ ಮೊಣಕಾಲಿಗೆ ಕೈಯೂರಿ ಎದ್ದು ಬಂದಳು. ಅದು ಯಾರ ಕೆಲಸವೆಂದು ಕೇಳುವ ಅಗತ್ಯವಿರಲಿಲ್ಲ. ಆ ಕೌದಿಯ ಮೇಲೆ ಮಲಗುವವರು ಇಬ್ಬರೇ ಹುಡುಗಿಯರು. ಭೀಮಾಬಾಯಿಯ ಮಗಳು ಕುಸುಮಾ ಒಬ್ಬಳು, ಗುರುರಾಜನ ಮಗಳು ಅಂಬೂ ಒಬ್ಬಳು. ಇಬ್ಬರಿಗೂ ಐದಾರು ವರ್ಷ.

ಅಷ್ಟರಲ್ಲಿ ಬಾವಿಯಿಂದ ನೀರು ಹೊತ್ತು ಬಂದ ನರ್ಮದಾ ನೆಲದ ಮೇಲಿನ ಚೂರುಗಳನ್ನು ಕಂಡಳು. ಕೊಡ ಇಳಿಸಿದವಳೇ ಮಗಳ ರಟ್ಟೆ ಹಿಡಿದು ಬೆನ್ನ ಮೇಲೆ ಎರಡು ಬಾರಿಸಿದಳು.

"ದೊಡ್ಡಮ್ಮನ ಮನ್ಯಾಗ ಕಳವು ಮಾಡತೀಯಾ? ನಿನಗೇನು ಕಡಿಮಿ ಮಾಡ್ಯಾರ ಇಲ್ಲಿ?"

ಅಂಬೂ ಅಳಲಿಲ್ಲ. ಬೆನ್ನು ಸವರಿಕೊಂಡು ಆ ಚೂರುಗಳನ್ನೇ ನೋಡುತ್ತ ನಿಂತಳು.

"ಬಿಡ ನರ್ಮದಾ, ಕೂಸಿಗೆ ಏನು ತಿಳೀತದ," ಎಂದಳು ಭೀಮಾಬಾಯಿ. ಹಾಗೆಂದರೂ ಆಕೆಯ ಮುಖ ಸಡಿಲಲಿಲ್ಲ. ಐದು ಮಂದಿಯ ಅಡಿಗೆ ಮನೆ ಈಗ ಎಂಟು ಮಂದಿಯದಾಗಿತ್ತು. ಬೆಳಕು ಹರಿಯುವ ಮೊದಲೇ ಎದ್ದು ಹಿಟ್ಟು ಬೀಸಿ, ಭಕ್ರಿ ಬಡಿದು, ಕಚೇರಿಯಲ್ಲಿ ಕಾರಕೂನನಾಗಿದ್ದ ಗಂಡ ಶ್ರೀನಿವಾಸನಿಗೆ ಬಡಿಸಿ ಕಳಿಸುವಷ್ಟರಲ್ಲಿ ಆಕೆಯ ಸೊಂಟ ಮುರಿದುಹೋಗುತ್ತಿತ್ತು. ಹಾಗೆ ಬಡಿದ ಭಕ್ರಿ ಹಾಸಿಗೆಯಲ್ಲಿ ಬೂಷ್ಟು ಹಿಡಿದರೆ ಯಾರಿಗೆ ಸಂಕಟವಾಗುವುದಿಲ್ಲ?

ಆ ಶ್ರಾವಣದಲ್ಲಿ ಮಲಪ್ರಭೆ ಹೊಳೆಮಣ್ಣೂರಿನ ಒಳಗೇ ಬಂದಿದ್ದಳು. ಗುರುರಾಜ, ನರ್ಮದಾ, ಅಂಬೂ, ಒಂಬತ್ತು ತಿಂಗಳ ಕೂಸು ಮುಕುಂದ, ಊರ ಅರ್ಧ ಜನರೊಂದಿಗೆ ಎರಡು ದಿನ ಹಣಮಪ್ಪನ ಗುಡಿಯ ಮಾಳಿಗೆಯ ಮೇಲೆ ಕುಳಿತು ಜೀವ ಹಿಡಿದಿದ್ದರು. ನೀರು ಇಳಿದ ಮೇಲೆ ಪಕ್ಕದ ಊರಿನ ಸಾಲೆಯಲ್ಲಿ ಉಳಿದುಕೊಂಡರು. ಅಲ್ಲಿ ಮುಕುಂದನಿಗೆ ವಾಂತಿ-ಭೇದಿ ಹತ್ತಿತು, ಮೂರನೆಯ ದಿನ ತೀರಿಕೊಂಡ. ರೋಣಕ್ಕೆ ಬಂದಾಗ ಅವರ ಕೈಯಲ್ಲಿದ್ದದ್ದು ಒಂದು ತಂಬಿಗೆ, ಒಂದು ಕಂಬಳಿ, ಈ ಹುಡುಗಿ.

ಮಧ್ಯಾಹ್ನ ಗಂಡಸರ ಊಟವಾದ ಮೇಲೆ ವೆಂಕೂಬಾಯಿ ಸೊಸೆಯಂದಿರಿಗೆ ಹೇಳಿದಳು: "ಹುಡುಗರಿಗೆ ಬಡದು ಕಲಸಬ್ಯಾಡ್ರಿ. ಹಂಚಿಕೊಂಡು ತಿನ್ನಬೇಕು, ಮುಚ್ಚಿಡಬಾರದು ಅಂತ ನಾ ಕಥಿ ಹೇಳಿ ಕಲಸ್ತೀನಿ. ನನ್ನ ಮಕ್ಕಳಿಗೆ ಹಂಗ ಕಲಸೀನಿ."

"ಕಲಸ್ರಿ ಅತ್ಯಾ," ಎಂದಳು ಭೀಮಾಬಾಯಿ. "ನಮ್ಮ ವಾದಿಗೂ ಕಲಸ್ರಿ. ಅವನೂ ಏನು ಕಡಿಮಿ ಇಲ್ಲ."

ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ಮೂವರು ಹುಡುಗರು ಪಡಸಾಲೆಯ ಕಟ್ಟೆಯ ಮೇಲೆ ಅಜ್ಜಿಯ ಸುತ್ತ ಕೂಡತೊಡಗಿದರು. ವೆಂಕೂಬಾಯಿ ಕಥೆ ಓದಿದವಳಲ್ಲ. ತಾನೇ ಕಟ್ಟಿ ಹೇಳುವಳು. ಅಳಿಲು, ಇರುವೆ ಕೂಡಿ ಒಂದು ಶೇಂಗಾಕಾಯಿ ಹಂಚಿಕೊಂಡದ್ದು. ಅಕ್ಕತಂಗಿಯರು ಒಂದೇ ಕಂಬಳಿಯಲ್ಲಿ ಚಳಿಗಾಲ ಕಳೆದದ್ದು. ಕುಸುಮಾಳ ಅಣ್ಣ, ಎಂಟು ವರ್ಷದ ವಾದಿ, ಪ್ರತಿ ಕಥೆಗೂ ವಕೀಲನಂತೆ ಅಡ್ಡ ಹಾಕುತ್ತಿದ್ದ.

"ಅಜ್ಜಿ, ಇರುವಿಗೆ ಅರ್ಧಾ ಶೇಂಗಾ ಯಾಕ? ಅದಕ್ಕ ಒಂದ ಚೂರ ಸಾಕಲ್ಲ."

"ಅದರ ಮನ್ಯಾಗ ಮಂದಿ ಭಾಳ ಇದ್ರು."

"ಹಂಗಾರ ಅಳಿಲ ಉಪಾಸ ಬೀಳತದ."

ಕುಸುಮಾ ನಗುವಳು. ಅಂಬೂ ಮಾತ್ರ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿರುವಳು. ಕೇಳಿಸಿಕೊಂಡಳೋ ಇಲ್ಲವೋ ತಿಳಿಯುತ್ತಿರಲಿಲ್ಲ. ಕೌದಿಯಲ್ಲಿ ಮತ್ತೆ ಚೂರುಗಳು ಸಿಕ್ಕವು. ಭೀಮಾಬಾಯಿ ಈ ಸಲ ಯಾರಿಗೂ ಹೇಳದೆ ಗುಡಿಸಿ ಆಕಳ ಮುಂದೆ ಚೆಲ್ಲಿದಳು. ಆದರೆ ಗುಡಿಸುವ ಸಪ್ಪಳ ಮನೆಯವರಿಗೆಲ್ಲ ಕೇಳುವಂತಿತ್ತು.

ಅದೊಂದು ಸಂಜೆ ವೆಂಕೂಬಾಯಿಗೆ ಬಹಳ ದಣಿವಾಗಿತ್ತು. ಮಗನ ಕೊರಗಿನಲ್ಲಿ ನರ್ಮದಾ ಆ ದಿನ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಹೀಗಾಗಿ ಬೆಳಗಿನಿಂದ ಬಾವಿಯ ಕೆಲಸ ಈಕೆಯ ಪಾಲಿಗೆ ಬಂದಿತ್ತು. ಮೊಣಕಾಲು ಉರಿಯುತ್ತಿದ್ದವು. ಹುಡುಗರು ಬಿಡಲಿಲ್ಲ.

"ಒಂದೂರಾಗ ಒಬ್ಬ ಹೆಣ್ಣಮಗಳಿದ್ದಳು. ಡಬ್ಬಿ ತುಂಬ ಉಂಡಿ ಕಟ್ಟಿ ಇಡತಿದ್ದಳು. ಯಾರು ಬೇಡಿದರೂ ಒಂದು ಕೊಡತಿದ್ದಿಲ್ಲ. ಸಣ್ಣ ಕೂಸು ಕೈ ಚಾಚಿದರೂ ಮುಚ್ಚಿಡತಿದ್ದಳು."

"ಆಮ್ಯಾಲ?" ಎಂದ ವಾದಿ.

"ಆಮ್ಯಾಲೇನು, ಯಾರೂ ಆಕಿ ಮನಿಗೆ ಹೋಗೋದು ಬಿಟ್ಟರು."

"ಅಷ್ಟನ? ಆಕಿಗೆ ಏನೂ ಆಗಲಿಲ್ಲೇನು?"

ವೆಂಕೂಬಾಯಿಗೆ ಕಥೆ ಮುಗಿಸಿ ಮಲಗಬೇಕಾಗಿತ್ತು. "ಆತು. ಹೊಳಿ ಬಂತು. ಆಕಿ ಮನಿ, ಉಂಡಿ, ಎಲ್ಲಾ ತಗೊಂಡು ಹೋತು."

ವಾದಿ ಚಪ್ಪಾಳೆ ತಟ್ಟಿದ. ಅಂಬೂ ತೊಡೆಯ ಮೇಲಿಂದ ತಲೆಯೆತ್ತಿ ಎದ್ದು ಕುಳಿತಳು.

"ಎಲ್ಲಾ ತಗೊಂಡು ಹೋತೇನು ಅಜ್ಜಿ?"

"ಎಲ್ಲಾ."

ಇಷ್ಟು ದಿನದ ಮೇಲೆ ಹುಡುಗಿ ಒಂದು ಮಾತು ಕೇಳಿದಳಲ್ಲ ಎಂದು ವೆಂಕೂಬಾಯಿಗೆ ಸಮಾಧಾನವೇ ಆಯಿತು.

ಮರುದಿನದಿಂದ ಕೌದಿಯಲ್ಲಿ ಒಂದು ಚೂರೂ ಸಿಗಲಿಲ್ಲ. ಊಟಕ್ಕೆ ಕುಳಿತಾಗ ಅಂಬೂ ತನ್ನ ತಾಟಿನ ಭಕ್ರಿಯಲ್ಲಿ ಅರ್ಧ ಮುರಿದು ಕುಸುಮಾಳಿಗೆ ಕೊಟ್ಟಳು. ಇನ್ನಷ್ಟು ಮುರಿದು ವಾದಿಗೆ. ಚೌತಿಯ ದಿನ ಎಲ್ಲರಿಗೂ ಎರಡೆರಡು ಕಡಬು ಬಂದವು. ಅಂಬೂ ತನ್ನ ಎರಡನ್ನೂ ಕೊಟ್ಟುಬಿಟ್ಟಳು.

"ಅತ್ಯಾ, ನಿಮ್ಮ ಕಥಿ ಹತ್ತಿತು ನೋಡ್ರಿ," ಎಂದಳು ಭೀಮಾಬಾಯಿ. ಎಷ್ಟೋ ದಿನಗಳ ಮೇಲೆ ಆಕೆಯ ದನಿ ಮೃದುವಾಗಿತ್ತು. "ನಮ್ಮವು ಹಿಂಗ ಕಲಿತಾವೇನು? ಅಂಬೂನ್ನ ನೋಡಿ ಕಲೀರ್ಯೋ!"

ಶ್ರೀನಿವಾಸನೂ ಕಚೇರಿಯಿಂದ ಬಂದು ಅದನ್ನು ಕೇಳಿ, "ನಮ್ಮವ್ವನ ಸಾಲಿ ಅದ," ಎಂದು ನಕ್ಕ. ವೆಂಕೂಬಾಯಿ ಹಿಗ್ಗಿದಳು, ಸುಳ್ಳು ಯಾಕೆ ಹೇಳಬೇಕು. ಆ ಮನೆಯಲ್ಲಿ ಹಿಗ್ಗುವಂಥದ್ದು ಬಹಳ ದಿನದಿಂದ ಏನೂ ಆಗಿರಲಿಲ್ಲ.

ಮೂರು ವಾರ ಕಳೆದವು. ಪಿತೃಗಳ ಪಕ್ಷಮಾಸ ಹಿಡಿದಿತ್ತು. ಒಂದು ಮುಂಜಾನೆ ಬಚ್ಚಲಲ್ಲಿ ಹುಡುಗಿಯರಿಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದ ಭೀಮಾಬಾಯಿ ತಂಬಿಗೆ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದಳು.

"ನರ್ಮದಾ, ನಿನ್ನ ಮಗಳನ್ನ ಒಮ್ಮಿ ನೋಡಿಯೇನು? ಎಲುಬು ಎಣಿಸಬಹುದು."

ನರ್ಮದಾ ಬಂದು ನೋಡಿದಳು. ಮಗ ಹೋದ ಮೇಲೆ ಆಕೆ ಯಾವುದನ್ನೂ ಸರಿಯಾಗಿ ನೋಡುತ್ತಿರಲಿಲ್ಲ. ಈಗ ಕಣ್ಣಿಗೆ ಬಿದ್ದದ್ದನ್ನು ತಡೆದುಕೊಳ್ಳಲಾಗಲಿಲ್ಲ.

"ವೈನಿ, ಎಂಟ ಮಂದಿಗೆ ಮಾಡಿ ಹಾಕೋದು ತ್ರಾಸ ಆಗತದಂದ್ರ ಬಾಯಿಬಿಟ್ಟ ಹೇಳ್ರಿ. ಕೂಸಿನ ಹೊಟ್ಟಿ ಯಾಕ ಕಟ್ಟತೀರಿ?"

"ಏನಂದಿ?" ಭೀಮಾಬಾಯಿ ತಂಬಿಗೆಯನ್ನು ನೆಲಕ್ಕೆ ಕುಕ್ಕಿದಳು. "ನಾನು ಹೊಟ್ಟಿ ಕಟ್ಟಿದೆನೇನು? ಕತ್ತಲಾಗಿಂದ ಕತ್ತಲ ತನಕಾ ಒಲಿ ಮುಂದ ಬೇಯಲಿಕ್ಕೆ ಹತ್ತೀನಿ. ಮದಲು ನಿನ್ನ ಮಗಳ ತಾಟಿಗೆ ಹಾಕಿ ಆಮ್ಯಾಲ ನನ್ನ ಮಕ್ಕಳಿಗೆ ಹಾಕೀನಿ. ದೇವರ ಮುಂದ ಹೇಳತೀನಿ ಬೇಕಾದ್ರ!"

"ಹಾಕಿದ್ದು ಎಲ್ಲಿ ಹೋತು ಹಂಗಾರ?"

"ನೀ ಒಮ್ಮೆರೆ ಬಂದು ಬಡಿಸಿದ್ರ ತಿಳೀತಿತ್ತು!"

ಗದ್ದಲ ಕೇಳಿ ಗಂಡಸರು ಬಂದರು. ಗುರುರಾಜ ಹೆಂಡತಿಯ ಮುಖ ನೋಡಿದ, ಅತ್ತಿಗೆಯ ಮುಖ ನೋಡಿದ. "ಇಲ್ಲೇ ಮುಗೀಲಿ ಅಣ್ಣಾ. ನಾಳೆ ಊರಿಗೆ ಹೋಗತೀವಿ. ಗುಡಿ ಪೌಳಿಯೊಳಗ ಇರತೀವಿ."

"ಹೋಗು," ಎಂದ ಶ್ರೀನಿವಾಸ. "ಆ ಕೆಸರಾಗ, ಆ ನೀರ ಕುಡದು, ಇದ್ದ ಒಂದ ಕೂಸನ್ನೂ—"

ನರ್ಮದಾ ಒಳಗೆ ಹೋಗಿ ಕದ ಹಾಕಿಕೊಂಡಳು. ಆ ದಿನ ಶ್ರೀನಿವಾಸ ಉಣ್ಣದೆಯೇ ಕಚೇರಿಗೆ ಹೋದ.

ಗುರುರಾಜ ಮಗಳನ್ನು ಎತ್ತಿಕೊಂಡು ದವಾಖಾನೆಗೆ ಹೋಗಿ ಬಂದ. ಜ್ವರವಿಲ್ಲ, ಜಂತುಹುಳವಿಲ್ಲ, ಚೆನ್ನಾಗಿ ಉಣ್ಣಿಸಿರಿ ಎಂದಿದ್ದರು ಡಾಕ್ಟರರು. ಹಾಗಾದರೆ ಬಡಿಸಿದ್ದು ಎಲ್ಲಿ ಹೋಗುತ್ತದೆ? ವೆಂಕೂಬಾಯಿ ಮಧ್ಯಾಹ್ನ ಹುಡುಗರ ಪಂಕ್ತಿಯ ಎದುರಿಗೆ ಕಂಬಕ್ಕೆ ಒರಗಿ ಕುಳಿತಳು. ಅಂಬೂ ಮೊದಲು ಭಕ್ರಿ ಹಂಚಿದಳು. ಆಮೇಲೆ ಅನ್ನ ಕಲಸಿದಳು, ಒಂದು ತುತ್ತು ಬಾಯಿಗೆ ಹಾಕಿಕೊಂಡಳು, ಉಳಿದದ್ದನ್ನು ಮುದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದು ಹಿತ್ತಲಿಗೆ ನಡೆದಳು. ವೆಂಕೂಬಾಯಿ ಸಪ್ಪಳವಾಗದಂತೆ ಹಿಂದೆ ಹೋದಳು. ಹುಡುಗಿ ಗೋಡೆಯ ಮೇಲೆ ಕಾಗೆಗೆ ಅನ್ನವಿಟ್ಟು, ಬೇವಿನ ಮರದ ಬುಡಕ್ಕೆ ಬಂದು, ನಿಲ್ಲಲಾರದೆ ಕುಸಿದು ಕುಳಿತಳು. ತುಟಿ ಬಿಳಿಚಿತ್ತು.

"ಹಸಿವಿ ಆಗಂಗಿಲ್ಲೇನು ನನ್ನವ್ವಾ?"

"ಆಗತದ."

"ಮತ್ತ ಯಾಕ ಉಣ್ಣವಲ್ಲಿ?"

ಅಂಬೂ ಮಣ್ಣಿನಲ್ಲಿ ಬೆರಳಾಡಿಸಿದಳು.

"ಅಜ್ಜಿ, ಪೂರಾ ಹಂಚಿಬಿಟ್ಟರ ಹೊಳಿ ತಿರಿಗಿ ಕೊಡತದೇನು?"

"ಏನು ಕೊಡತದ?"

"ಮುಕುಂದನ್ನ."

ಹುಡುಗಿಯೇ ಹೇಳಿದಳು. ಗುಡಿಯ ಮಾಳಿಗೆಯ ಮೇಲೆ ಅವರ ಓಣಿಯ ಮುದುಕಿ ಕಳಕವ್ವಾಯಿ ಗಂಟು ಬಿಚ್ಚಿ ಎಲ್ಲ ಹುಡುಗರಿಗೆ ಒಂದೊಂದು ಶೇಂಗಾ ಉಂಡಿ ಕೊಟ್ಟಿದ್ದಳು. ಅಂಬೂ ತನ್ನದನ್ನು ನಾಳೆಗಿರಲೆಂದು ಲಂಗದ ಗಂಟಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು. ಮುಕುಂದ ಕೈ ಚಾಚಿ ಅತ್ತ. ಕೊಡಲಿಲ್ಲ. "ನಿನ್ನ ಕಥಿಯಾಗಿನ ಆಕಿ ನಾನ ಅಲ್ಲೇನು ಅಜ್ಜಿ?"

ವೆಂಕೂಬಾಯಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಹುಡುಗಿಯನ್ನು ಎಳೆದು ತಬ್ಬಿಕೊಂಡಳು. "ಆ ಕಥಿ ಸುಳ್ಳು. ನಾ ಕಟ್ಟಿದ್ದು. ನಿದ್ದಿ ಬಂದಿತ್ತು ನನಗ, ಬಾಯಿಗೆ ಬಂದದ್ದು ಹೇಳಿದೆ. ಹೊಳಿ ಹಂಗ ಬರಂಗಿಲ್ಲ."

"ನೀ ಸುಳ್ಳ ಹೇಳಂಗಿಲ್ಲ."

"ಹೇಳೀನಿ. ನಿನ್ನ ಆಣಿ, ಹೇಳೀನಿ."

"ಹಂಗಾರ ಹೊಳಿ ನಮ್ಮ ಮನೀಗೆ ಯಾಕ ಬಂತು?"

ವೆಂಕೂಬಾಯಿ ಆಕೆಯನ್ನು ಒಳಗೆ ಕರೆತಂದು ನೀರು ಕುಡಿಸಿದಳು. ಸಂಜೆ ಬೇರೊಂದು ಕಥೆ ಹೇಳಹೋದಳು. ಅದರಲ್ಲಿ ಹೊಳೆಯೇ ಇರಲಿಲ್ಲ. ಅಂಬೂ ಎದ್ದು ಒಳಗೆ ಹೋದಳು. "ಕಥಿ ಬ್ಯಾಡ ಅಜ್ಜಿ."

ದೀಪ ಹಚ್ಚಿದ ಮೇಲೆ ವೆಂಕೂಬಾಯಿ ಅಡಿಗೆಮನೆಗೆ ಹೋಗಿ ಇಬ್ಬರು ಸೊಸೆಯಂದಿರನ್ನೂ ಕೂಡಿಸಿಕೊಂಡು ನಡೆದದ್ದನ್ನು ಹೇಳಿದಳು. "ಭೀಮಾದು ತಪ್ಪಿಲ್ಲ, ನರ್ಮದಾದು ತಪ್ಪಿಲ್ಲ. ತಪ್ಪು ನಂದು."

ಭೀಮಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನರ್ಮದಾ ಅತ್ತೆಯನ್ನು ನೋಡಿದ ರೀತಿಯನ್ನು ವೆಂಕೂಬಾಯಿ ಸಾಯುವವರೆಗೂ ಮರೆಯಲಿಲ್ಲ. ಕ್ಷಮೆ ಅದರಲ್ಲಿರಲಿಲ್ಲ.

"ನಾಳೆ ನಾ ಕೂಸನ್ನ ಕರಕೊಂಡು ಹೊಳೆಮಣ್ಣೂರಿಗೆ ಹೋಗತೀನಿ," ಎಂದಳು ವೆಂಕೂಬಾಯಿ. "ಹೊಳಿ ಯಾರ್ಯಾರ ಮನಿ ತಗೊಂಡ್ಹೋಗ್ಯದ, ಕಣ್ಣಿಲೆ ನೋಡಲಿ. ನನ್ನ ಬಾಯಿ ಮ್ಯಾಲೆ ಆಕಿಗೆ ಇನ್ನ ನಂಬಿಕಿ ಇಲ್ಲ."

ಪಕ್ಷಮಾಸದಲ್ಲಿ ಪ್ರಯಾಣ ಬೇಡ ಎಂದ ಶ್ರೀನಿವಾಸ. ಅಲ್ಲಿ ಇನ್ನೂ ಜ್ವರವಿದೆ ಎಂದ ಗುರುರಾಜ. ವೆಂಕೂಬಾಯಿ ಓಣಿಯ ಕೊನೆಯ ಸುಭಾನಸಾಬನಿಗೆ ಚಕ್ಕಡಿ ಹೂಡಲು ಹೇಳಿ ಕಳಿಸಿದಳು. ಮುಂಜಾನೆ ಚಕ್ಕಡಿ ಬಂದು ನಿಂತಾಗ ನರ್ಮದಾ ತಾನೂ ಬಂದು ಮಗಳ ಪಕ್ಕದಲ್ಲಿ ಕುಳಿತಳು. ಯಾರೂ ಕರೆದಿರಲಿಲ್ಲ. ಭೀಮಾಬಾಯಿ ಓಡಿ ಬಂದು ಬುತ್ತಿಯ ಗಂಟನ್ನು ಆಕೆಯ ಮಡಿಲಿಗೆ ಹಾಕಿದಳು.

ನಡುವಿನ ಅಸೂಟಿ ಹಳ್ಳಿ ದಾಟುವವರೆಗೆ ಎರೆಭೂಮಿಯ ದಾರಿ ಗಟ್ಟಿಯಾಗಿತ್ತು. ಆಮೇಲೆ ಗಾಲಿ ಹುಗಿಯತೊಡಗಿದವು. "ಇಳೀಬ್ಯಾಡ್ರಿ ಅವ್ವಾರ, ಎತ್ತು ಎಳೀತಾವ," ಎನ್ನುತ್ತ ಸುಭಾನಸಾಬನೇ ಇಳಿದು ಗಾಲಿಗೆ ಹೆಗಲು ಕೊಟ್ಟ. ಊರು ಮುಟ್ಟುವಾಗ ಹೊತ್ತು ಚೆನ್ನಾಗಿ ಏರಿತ್ತು.

ಊರೆಂದರೆ ಅಲ್ಲಿ ಊರಿರಲಿಲ್ಲ. ಗೋಡೆಗಳು ಸೊಂಟದೆತ್ತರಕ್ಕೆ ಕರಗಿ ನಿಂತಿದ್ದವು. ಬಾಗಿಲ ಚೌಕಟ್ಟುಗಳು ಮಾತ್ರ ಅಲ್ಲಲ್ಲಿ ನೆಟ್ಟಗಿದ್ದವು. ನರ್ಮದಾ ತಮ್ಮ ಮನೆಯಿದ್ದ ಜಾಗ ಹುಡುಕಿಕೊಂಡು ಹೋಗಿ, ಒಲೆಯ ಗುಂಡು ಎಲ್ಲಿತ್ತೆಂದು ಕಾಲಿನಿಂದ ಕೆಸರು ಕೆದರುತ್ತ ನಿಂತಳು. ವೆಂಕೂಬಾಯಿ ಮೊಮ್ಮಗಳ ಕೈ ಹಿಡಿದು ಓಣಿಯುದ್ದಕ್ಕೂ ನಡೆದಳು.

"ಇದು ಯಾರ ಮನಿ?"

"ಗುರುಸಂಗಪ್ಪಂದು. ಅವ ಬಾರಿಹಣ್ಣು ಆರಿಸಿದ್ರ ಕಲ್ಲ ಒಗೀತಿದ್ದ."

"ಇದು?"

ಅಂಬೂ ನಿಂತಳು. "ಕಳಕವ್ವಾಯಿದು." ದನಿ ಸಣ್ಣದಾಯಿತು. "ಇದೂ ಹೋತೇನು?"

ಊರಿಗೆಲ್ಲ ದಿನಾ ಮಜ್ಜಿಗೆ ಕೊಡುತ್ತಿದ್ದ ಮನೆ ಅದು. ಏಳಂಕಣದ ಮನೆಯ ಜಾಗದಲ್ಲಿ ಈಗ ಮಣ್ಣಿನ ಗುಡ್ಡೆಯಿತ್ತು. ಅದರ ಪಕ್ಕದಲ್ಲಿ ಜೋಳದ ಕಣಕಿಯ ಗುಡಿಸಲು. ಒಳಗಿನಿಂದ ಕಳಕವ್ವ ಬಗ್ಗಿ ಹೊರಗೆ ಬಂದಳು. ವೆಂಕೂಬಾಯಿಯ ವಯಸ್ಸಿನವಳೇ. "ಅಯ್ಯ, ಗುರುರಾಜಪ್ಪಗೋಳ ಅವ್ವಾರು! ಕೂಸ ಏನ್ರೀ ಹಿಂಗ ಆಗೈತಿ?"

ಅಂಬೂ ನೇರವಾಗಿ ಕೇಳಿದಳು: "ಕಳಕವ್ವಾಯಿ, ನೀ ಯಾರಿಗೆ ಕೊಡಲಿಲ್ಲ?"

"ಏನ ಕೊಡಲಿಲ್ಲ ನನ್ನವ್ವಾ?"

"ಏನರೆ. ಮುಚ್ಚಿಟ್ಟಿದ್ದೇನು?"

ಕಳಕವ್ವ ವೆಂಕೂಬಾಯಿಯತ್ತ ನೋಡಿದಳು. ವೆಂಕೂಬಾಯಿ ನಾಲ್ಕು ಮಾತಿನಲ್ಲಿ ವಿಷಯ ಹೇಳಿದಳು. ಹೇಳುವಾಗ ತಲೆ ಎತ್ತಲಾಗಲಿಲ್ಲ. ಕಳಕವ್ವ ಹುಡುಗಿಯನ್ನು ಹತ್ತಿರ ಎಳೆದುಕೊಂಡಳು.

"ಕೇಳಿಲ್ಲಿ ತಂಗಿ. ನನ್ನ ಮನ್ಯಾಗ ಗಡಿಗಿಗೆ ಮುಚ್ಚಳಾನ ಇದ್ದಿಲ್ಲ, ಏನ ಮುಚ್ಚಿಡ್ಲಿ? ಹೊಳಿ ನನ್ನೂ ಬಿಡಲಿಲ್ಲ, ಆ ಗುರುಸಂಗಪ್ಪನ್ನೂ ಬಿಡಲಿಲ್ಲ. ನೀರು ತಗ್ಗ ಇದ್ದಲ್ಲಿ ಬರತೈತಿ. ನಾವು ತಗ್ಗಿನ್ಯಾಗ ಮನಿ ಕಟ್ಟಿದ್ವಿ. ಅಷ್ಟ ಐತಿ."

ಅಂಬೂ ಸಾಲಾಗಿ ಬಿದ್ದ ಮನೆಗಳನ್ನು ಒಂದೊಂದಾಗಿ ನೋಡಿದಳು.

"ಹಂಗಾರ ಮುಕುಂದಾ?"

ಯಾವಾಗ ಬಂದಳೋ, ನರ್ಮದಾ ಹಿಂದೆ ನಿಂತಿದ್ದಳು. ಕೆಸರಿನ ಕಾಲಿನಲ್ಲೇ ಬಂದು ಮಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು.

"ಶೇಂಗಾ ಉಂಡಿ ಕಡೀಲಿಕ್ಕೆ ಅವಂಗ ಹಲ್ಲ ಎಲ್ಲಿದ್ದವು ಹುಚ್ಚೀ? ಗಂಟಲಕ್ಕ ಸಿಗತದ, ಅವಂಗ ಕೊಡಬ್ಯಾಡ ಅಂತ ನಾನ ನಿನಗ ಹೇಳಿದ್ದೆ. ನೀ ಮರತೀ. ನೀ ಕೊಡಲಿಲ್ಲ, ಚಲೋ ಮಾಡಿದಿ. ನನ್ನ ಮಾತ ಕೇಳಿದಿ."

"ನೀ ಹೇಳಿದ್ದೇನು?"

"ನಾ ಹೇಳಿದ್ದೆ."

ಅದು ಖರೇ ಇತ್ತೋ, ನರ್ಮದಾ ಅಲ್ಲೇ ನಿಂತ ಕಾಲ ಮೇಲೆ ಕಟ್ಟಿದಳೋ, ವೆಂಕೂಬಾಯಿ ಮುಂದೆಂದೂ ಕೇಳಲಿಲ್ಲ. ತಾಯಿ-ಮಗಳು ಆ ಕೆಸರಿನಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಹಾಸಿಗೆಯಿಂದ ಏಳದೆ ದಿನ ಕಳೆದಿದ್ದ ನರ್ಮದಾ ಮಗ ಹೋದ ಮೇಲೆ ಯಾರ ಮುಂದೆಯೂ ಅತ್ತಿರಲಿಲ್ಲ. ಆಕೆ ಅಳಲಿ ಎಂದು ಕಳಕವ್ವ ಗುಡಿಸಲ ಹಿಂದಕ್ಕೆ ಹೋದಳು. ತಿರುಗಿ ಬರುವಾಗ ಮೇಲಿನ ಹೊಲದಲ್ಲಿ ಉಳಿದ ಬಳ್ಳಿಯಿಂದ ಎರಡು ಸೌತೆಕಾಯಿ ತಂದಳು. "ಮಡಿಯವ್ರಿಗೆ ಬೇಯಿಸಿದ್ದು ಕೊಡಾಕ ಬರಂಗಿಲ್ಲ. ಇದನರೆ ತಗೊಳ್ರಿ."

ತಿರುಗಿ ಬರುವ ದಾರಿಯಲ್ಲಿ ಅಂಬೂ ತಾಯಿಯ ಮಡಿಲಲ್ಲಿ ನಿದ್ದೆ ಮಾಡಿದಳು. ನರ್ಮದಾ ಅತ್ತೆಗೆ ಬೆನ್ನು ತಿರುಗಿಸಿ ಕುಳಿತಿದ್ದಳು. ಅಸೂಟಿಯ ಹತ್ತಿರ ಗಾಳಿ ತಣ್ಣಗಾದಾಗ ಮಾತ್ರ ಕಂಬಳಿಯ ಒಂದು ತುದಿಯನ್ನು ಮುದುಕಿಯ ಮೊಣಕಾಲ ಮೇಲೆ ಎಳೆದು ಹಾಕಿದಳು.

ಮನೆ ಮುಟ್ಟಿದಾಗ ದೀಪ ಹಚ್ಚಿ ಸ್ವಲ್ಪ ಹೊತ್ತಾಗಿತ್ತು. ಭೀಮಾಬಾಯಿ ಕೈಕಾಲಿಗೆ ನೀರು ಕೊಟ್ಟು ತಾಟು ಹಾಕಿದಳು. ಹುಡುಗರು ಸಾಲಾಗಿ ಕುಳಿತರು. ಅಂಬೂ ಭಕ್ರಿಯ ಮೇಲೆ ಝುಣಕ ಹಾಕಿಸಿಕೊಂಡು ತಲೆ ತಗ್ಗಿಸಿ ತಿನ್ನತೊಡಗಿದಳು. ಒಂದು ಭಕ್ರಿ ಮುಗಿಯಿತು. ಎರಡನೆಯದಕ್ಕೆ ಕೈ ಹಾಕಿದಾಗ, ಮೂರು ವಾರದ ರೂಢಿಯಂತೆ ಕುಸುಮಾ ತನ್ನ ಪಾಲಿಗೆ ಕೈ ಚಾಚಿದಳು.

ಅಂಬೂ ತಾಟನ್ನು ಎದೆಗೆ ಎಳೆದುಕೊಂಡಳು. "ಕೊಡಂಗಿಲ್ಲ. ಇದು ನಂದು."

ಕುಸುಮಾ ಅಳುಮೋರೆ ಮಾಡಿ ಅಜ್ಜಿಯತ್ತ ತಿರುಗಿದಳು. ವಾದಿಯೂ ತಿರುಗಿದ. ಹಂಚಿಕೊಳ್ಳಬೇಕೆಂದು ಅಜ್ಜಿ ಈಗ ಏನಾದರೂ ಹೇಳುವಳೆಂದು ಇಬ್ಬರೂ ಕಾದರು.

"ಭೀಮಾ," ಎಂದಳು ವೆಂಕೂಬಾಯಿ, ಗೋಡೆಗೆ ಒರಗಿ ಕಾಲು ಚಾಚುತ್ತ. "ಇನ್ನೊಂದೆರಡು ಬಡಿ."

ಬುಟ್ಟಿಯಲ್ಲಿ ಭಕ್ರಿ ಮುಗಿದಿತ್ತು, ಒಲೆ ಆರಿತ್ತು. ಭೀಮಾಬಾಯಿ ಸೊಂಟ ಹಿಡಿದುಕೊಂಡು ಎದ್ದಳು. ಆಕೆಗಿಂತ ಮೊದಲು ನರ್ಮದಾ ಒಲೆಯ ಮುಂದೆ ಹೋಗಿ ಕುಳಿತು, ಹಿಟ್ಟಿನ ಪರಾತ ಹತ್ತಿರ ಎಳೆದುಕೊಂಡು, "ನೀವು ಕೂಡ್ರಿ ವೈನಿ," ಎಂದಳು.